ಉಪ್ಪೂ ಕರಗುತ್ತದೆ, ಮಂಜುಗಡ್ಡೆಯೂ ಕರಗುತ್ತದೆ. ಎರಡೂ ಒಂದೇನಾ?

ಮಿಶ್ರಣ, ದ್ರಾವಣದ ಪಾಠ ಶುರುವಾದರೆ ಸಾಕು, ಅದೇ ಐದಾರು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಅದರಲ್ಲೂ ಮೊದಲನೆಯದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ದ್ರಾವಣ ಅಂದರೇನು, ದ್ರಾವಕ ಅಂದರೇನು ಅಂತ ಇಲ್ಲಿ ಹೇಳುವುದಿಲ್ಲ. ಅದು ಪಾಠದ ಶುರುವಿನಲ್ಲೇ ಇದೆ, ಓದಿಕೊಂಡು ಬನ್ನಿ.

ಪ್ರಶ್ನೆ: ಉಪ್ಪು ನೀರಲ್ಲಿ ಕರಗಿ ದ್ರವವಾಗುತ್ತದೆ ಅಂತ ಬರೆದೆ. ಮಾರ್ಕ್ಸ್ ಕೊಡಲಿಲ್ಲ. ಯಾಕೆ?

ಯಾಕೆಂದರೆ ಅದು ತಪ್ಪು. ಆದರೆ ತಪ್ಪು ಪೂರ್ತಿ ನಿಮ್ಮದೂ ಅಲ್ಲ, ನಮ್ಮ ಮಾತಲ್ಲೇ ಒಂದು ತೊಡಕಿದೆ. ಕನ್ನಡದಲ್ಲಿ ಮೇಣ ಕರಗುತ್ತದೆ, ಸಕ್ಕರೆ ಕರಗುತ್ತದೆ, ಮೋಡ ಕರಗುತ್ತದೆ, ಮನಸ್ಸೂ ಕರಗುತ್ತದೆ. ಮನೆಮಾತಿಗೆ ಆ ಒಂದು ಪದ ಸಾಕು. ರಸಾಯನಶಾಸ್ತ್ರಕ್ಕೆ ಸಾಲದು.

ಒಂದು ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಮಂಜುಗಡ್ಡೆಯ ಚೂರು ಹಾಕಿ ಬಾಯಿ ಬಿಗಿಯಾಗಿ ಕಟ್ಟಿ. ಇನ್ನೊಂದರಲ್ಲಿ ಕಲ್ಲುಪ್ಪು ಹಾಕಿ ಕಟ್ಟಿ. ಎರಡನ್ನೂ ಬೆಚ್ಚಗಿನ ನೀರಲ್ಲಿ ಮುಳುಗಿಸಿಡಿ. ಸ್ವಲ್ಪ ಹೊತ್ತಿಗೆ ಮಂಜುಗಡ್ಡೆ ನೀರಾಗಿರುತ್ತದೆ. ಉಪ್ಪು ಹಾಕಿದ್ದು ಹಾಕಿದ ಹಾಗೇ ಇರುತ್ತದೆ, ನಾಳೆ ನೋಡಿದರೂ ಅಷ್ಟೇ. ಮಂಜುಗಡ್ಡೆಗೆ ಬೇಕಿದ್ದದ್ದು ಬಿಸಿ ಮಾತ್ರ, ಅದು ಕವರನ್ನು ದಾಟಿ ಒಳಗೆ ಬಂತು. ಉಪ್ಪಿಗೆ ಬೇಕಿದ್ದದ್ದು ನೀರು, ಅದು ಸಿಗಲಿಲ್ಲ.

ಈಗ ಒಂದು ದಪ್ಪ ಉಪ್ಪಿನ ಹರಳನ್ನು ದಾರದಲ್ಲಿ ಕಟ್ಟಿ, ಗಾಜಿನ ಲೋಟದ ನೀರಿನ ಮೇಲ್ಭಾಗದಲ್ಲಿ ಇಳಿಬಿಡಿ. ಕಲಕಬೇಡಿ, ಸುಮ್ನೆ ಬೆಳಕಿಗೆ ಎದುರಾಗಿ ನೋಡಿ. ಹರಳಿನ ತಳದಿಂದ ಎಳೆ ಎಳೆಯಾಗಿ ಏನೋ ಅಲೆಯಾಡುತ್ತಾ ಕೆಳಗಿಳಿಯುತ್ತದೆ, ಬಿಸಿಲಿಗೆ ಕಾದ ರಸ್ತೆಯ ಮೇಲೆ ಗಾಳಿ ನಡುಗಿದ ಹಾಗೆ. ಅದು ಉಪ್ಪುನೀರು. ಬರೀ ನೀರಿಗಿಂತ ಭಾರ, ಅದಕ್ಕೇ ಕೆಳಗಿಳಿಯುತ್ತಿದೆ. ನೀರಿನ ಅಣುಗಳು ಹರಳಿನ ಮೈಯಿಂದ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳನ್ನು, ಅಂದರೆ ಉಪ್ಪಿನ ವಿದ್ಯುದಾವೇಶವಿರುವ ಕಣಗಳನ್ನು, ಸುತ್ತುವರಿದು ಕಿತ್ತುಕೊಂಡು ಹೋಗುತ್ತಿವೆ. ಇದೇ ವಿಲೀನ. ಇನ್ನು ಉಪ್ಪು ಹಿಡಿಸದಷ್ಟು ಉಪ್ಪು ಬೆರೆಸಿದ ನೀರಲ್ಲಿ ಅದೇ ಹರಳನ್ನು ಇಳಿಬಿಡಿ. ಎಳೆಗಳು ಕಾಣುವುದಿಲ್ಲ, ಹರಳು ಸವೆಯುವುದೂ ಇಲ್ಲ.

ಉಪ್ಪು ನಿಜವಾಗಿ ದ್ರವವಾಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್‌ಗೆ ಕಾಯಬೇಕು. ಆ ದ್ರವದಲ್ಲಿ ಒಂದು ಹನಿ ನೀರೂ ಇರುವುದಿಲ್ಲ. ಹಾಗಿರುವಾಗ ಲೋಟದ ತಣ್ಣೀರಲ್ಲಿ ಉಪ್ಪು ದ್ರವವಾಯಿತು ಅಂದರೆ ಹೇಗೆ ಒಪ್ಪುವುದು? ಮಂಜುಗಡ್ಡೆ ದ್ರವವಾಯಿತು, ಉಪ್ಪು ನೀರಿನಲ್ಲಿ ವಿಲೀನವಾಯಿತು ಅಂತ ಬರೆಯಿರಿ.

ಮಂಜುಗಡ್ಡೆಯ ಮೇಲೆ ಉಪ್ಪು ಉದುರಿಸಿದರೆ ಎರಡೂ ಒಟ್ಟಿಗೆ ನಡೆಯುತ್ತವೆ. ಮೈಮೇಲಿನ ತೆಳು ನೀರಲ್ಲಿ ಉಪ್ಪು ವಿಲೀನವಾಗುತ್ತದೆ. ಉಪ್ಪುನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ಮಂಜುಗಡ್ಡೆ ದ್ರವವಾಗುತ್ತಲೇ ಹೋಗುತ್ತದೆ. ಅದಕ್ಕೆ ಬೇಕಾದ ಶಾಖ ಆ ಮಿಶ್ರಣದಿಂದಲೇ ಹೋಗುವುದರಿಂದ ಅದು ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ತಣ್ಣಗಾಗಬಲ್ಲದು. ದಯವಿಟ್ಟು ಬೆರಳಿಟ್ಟು ನೋಡಬೇಡಿ, ಚರ್ಮಕ್ಕೆ ಸುಟ್ಟಂಥ ಗಾಯವಾಗುತ್ತದೆ.

ಪ್ರಶ್ನೆ: ಸಕ್ಕರೆ ನೀರಿನ ಅಣುಗಳ ನಡುವಿನ ಸಂದಿಯಲ್ಲಿ ಕೂರುವುದರಿಂದ ನೀರಿನ ಮಟ್ಟ ಏರುವುದೇ ಇಲ್ಲವಂತೆ, ಹೌದಾ?

ಇಲ್ಲ. ಒಂದು ಚಮಚ ಹಾಕಿ ಕಣ್ಣಳತೆಯಲ್ಲಿ ನೋಡಿದವರ ಮಾತು ಅದು. 100 ಮಿಲಿಲೀಟರ್ ನೀರಿಗೆ 20 ಗ್ರಾಂ ಸಕ್ಕರೆ ಹಾಕಿ ಅಳತೆಯ ಜಾಡಿಯಲ್ಲಿ ನೋಡಿ, ಸುಮಾರು 112 ಬರುತ್ತದೆ.

ಪ್ರಶ್ನೆ: ಜಾಸ್ತಿ ಕಲಕಿದರೆ ಜಾಸ್ತಿ ಉಪ್ಪು ಹಿಡಿಸುತ್ತದಾ?

ಬೇಗ ವಿಲೀನವಾಗುತ್ತದೆ, ಜಾಸ್ತಿ ಅಲ್ಲ. ಕೋಣೆಯ ತಾಪದಲ್ಲಿ 100 ಗ್ರಾಂ ನೀರಿಗೆ ಸುಮಾರು 36 ಗ್ರಾಂ, ಅಷ್ಟೇ.

ಪ್ರಶ್ನೆ: ಹಾಲು ದ್ರಾವಣವಾ?

ಅಲ್ಲ, ಕಲಿಲ. ಅಂದರೆ ಸಣ್ಣ ಕಣಗಳು ವಿಲೀನವಾಗದೆ, ಸುಮ್ನೆ ಹರಡಿಕೊಂಡಿರುವ ಮಿಶ್ರಣ.

ಪ್ರಶ್ನೆ: ಫಿಲ್ಟರ್ ಮಾರಲು ಬಂದವರು ನಮ್ಮ ನೀರಿಗೆ ಕಡ್ಡಿ ಇಟ್ಟು ಕರೆಂಟ್ ಹಾಯಿಸಿದರು. ನೀರು ಕಂದು ಬಣ್ಣಕ್ಕೆ ತಿರುಗಿತು. ಅದೆಲ್ಲ ಕೊಳೆ ಅಂದರು. ನಿಜವಾ?

ಹಸಿ ಸುಳ್ಳು. ಇದನ್ನು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಆ ಕಡ್ಡಿಗಳಲ್ಲಿ ಕಬ್ಬಿಣ ಇರುತ್ತದೆ. ನೀರಲ್ಲಿ ಲವಣ ವಿಲೀನವಾಗಿದ್ದರೆ ಕರೆಂಟ್ ಹರಿಯುತ್ತದೆ, ಕಬ್ಬಿಣ ಸವೆದು ತುಕ್ಕಾಗಿ ನೀರಿಗೆ ಇಳಿಯುತ್ತದೆ. ಅವರು ತೋರಿಸುವ ಫಿಲ್ಟರ್ ನೀರಲ್ಲಿ ಲವಣ ಕಡಿಮೆ, ಕರೆಂಟ್ ಅಷ್ಟಾಗಿ ಹರಿಯುವುದಿಲ್ಲ, ಅದಕ್ಕೇ ತಿಳಿಯಾಗಿ ಉಳಿಯುತ್ತದೆ. ಅವರ ನೀರಿಗೇ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಕಡ್ಡಿ ಇಡಲು ಹೇಳಿ, ಅದೂ ಕಂದಾಗುತ್ತದೆ. ಮನೆಯ ಪ್ಲಗ್ಗಿನಿಂದ ವೈರ್ ಎಳೆದು ನೀವೇ ಇದನ್ನು ಮಾಡಲು ಹೋಗಬೇಡಿ, ಜೀವಕ್ಕೆ ಅಪಾಯ.

ಪ್ರಶ್ನೆ: ಲ್ಯಾಬಲ್ಲಿ ಉಪ್ಪು ಯಾವುದು, ಸಕ್ಕರೆ ಯಾವುದು ಅಂತ ನಾಲಿಗೆಗೆ ಮುಟ್ಟಿಸಿ ನೋಡಬಹುದಲ್ವಾ?

ಬೇಡ. ಬೇರಿಯಂ ಕ್ಲೋರೈಡ್ ಕೂಡ ಉಪ್ಪಿನ ಹಾಗೇ ಬೆಳ್ಳಗಿರುತ್ತದೆ, ಅದು ವಿಷ. ಇರುವುದು ಉಪ್ಪು ಮತ್ತು ಸಕ್ಕರೆ ಮಾತ್ರ ಅಂತ ಖಾತ್ರಿ ಇದ್ದರೆ ಭಟ್ಟಿ ಇಳಿಸಿದ ನೀರಲ್ಲಿ ಬೇರೆ ಬೇರೆಯಾಗಿ ಬೆರೆಸಿ, ಬ್ಯಾಟರಿ ಜೋಡಿಸಿ ನೋಡಿ. ಉಪ್ಪುನೀರಲ್ಲಿ ಅಯಾನುಗಳಿವೆ, ಕರೆಂಟ್ ಹರಿಯುತ್ತದೆ. ಸಕ್ಕರೆ ನೀರಲ್ಲಿ ಇಲ್ಲ. ಹೆಸರಿನ ಚೀಟಿ ಇಲ್ಲದ ಬಾಟಲಿಯಾದರೆ ಮುಚ್ಚಳವನ್ನೂ ತೆರೆಯಬೇಡಿ, ಟೀಚರ್‌ಗೆ ಹೇಳಿ.