ಡಿಸೆಂಬರ್ ಕೊನೆಯ ವಾರ ಶೃಂಗೇರಿಯಿಂದ ಕೊಲ್ಲೂರಿನವರೆಗೆ: ರೂಮು, ಊಟ ಹೇಗೆ ಹೊಂದಿಸಿಕೊಳ್ಳುವುದು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ದಾವಣಗೆರೆಯಿಂದ ಸ್ವಂತ ಗಾಡಿಯಲ್ಲಿ ಆರು ಜನ ಹೊರಟಿದ್ದೀರಿ. ಅಪ್ಪ, ಅಮ್ಮ ಎಪ್ಪತ್ತು ದಾಟಿದವರು. ಅಪ್ಪನಿಗೆ ಸಕ್ಕರೆ ಕಾಯಿಲೆ, ಅಮ್ಮನಿಗೆ ಮಂಡಿನೋವು. ಜೊತೆಗೆ ಇಬ್ಬರು ಮಕ್ಕಳು. ಐದು ದಿನದಲ್ಲಿ ಶೃಂಗೇರಿ, ಹೊರನಾಡು, ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು ಮುಗಿಸಬೇಕು. ರೂಮು ಮೊದಲೇ ಮಾಡಿಸಬೇಕೇ, ಊಟ ಎಲ್ಲಿ ಮಾಡಬೇಕು, ಹೊಟ್ಟೆ ಕೆಡದಂತೆ ಏನು ಮಾಡಬೇಕು ಎಂದು ಕೇಳಿದ್ದೀರಿ.

ಈ ದಾರಿಯಲ್ಲಿ ಕುಟುಂಬಗಳಿಗೆ ಕಷ್ಟವಾಗುವುದು ದಿನಕ್ಕೆ ಎರಡು ಹೊತ್ತು: ಮಧ್ಯಾಹ್ನ ಮೂರಕ್ಕೆ ಮತ್ತು ರಾತ್ರಿ ಒಂಬತ್ತಕ್ಕೆ. ಮೂರಕ್ಕೆ ದೇವಸ್ಥಾನದ ಊಟ ಮುಗಿದಿರುತ್ತದೆ, ಸಣ್ಣ ಊರಿನ ಹೋಟೆಲಿನಲ್ಲಿ ಅನ್ನ ಖಾಲಿಯಾಗಿ ತಿಂಡಿ ಇನ್ನೂ ಶುರುವಾಗಿರುವುದಿಲ್ಲ. ಒಂಬತ್ತಕ್ಕೆ ಕೈಯಲ್ಲಿ ರೂಮಿಲ್ಲದಿದ್ದರೆ ಸಿಕ್ಕಿದ್ದನ್ನು ಕೇಳಿದಷ್ಟು ಕೊಟ್ಟು ಹಿಡಿಯಬೇಕು. ಅದಕ್ಕೇ ನನ್ನ ಸಲಹೆ, ದಿನದ ಪಟ್ಟಿಯನ್ನು ದರ್ಶನದಿಂದ ಶುರುಮಾಡಬೇಡಿ. ಊಟದ ಹೊತ್ತಿಗೆ ಎಲ್ಲಿರುತ್ತೀರಿ, ಸಂಜೆ ಆರಕ್ಕೆ ಎಲ್ಲಿರುತ್ತೀರಿ ಎಂದು ಮೊದಲು ಬರೆದುಕೊಳ್ಳಿ. ದರ್ಶನ ಅದರ ನಡುವೆ ತಾನಾಗಿ ಕೂರುತ್ತದೆ.

ದಿನಕ್ಕೊಂದು ಊರಲ್ಲಿ ತಂಗುವ ಆಸೆ ಬಿಡಿ. ಆರು ಜನರ ಸಾಮಾನು ಬಿಚ್ಚಿ ಕಟ್ಟುವುದರಲ್ಲೇ ವಯಸ್ಸಾದವರು ಸೋತುಹೋಗುತ್ತಾರೆ. ಮೊದಲ ರಾತ್ರಿ ಶೃಂಗೇರಿ. ಎರಡನೇ ದಿನ ಕಳಸದ ಮೇಲೆ ಹೊರನಾಡಿಗೆ ಹೋಗಿ ಮಧ್ಯಾಹ್ನದ ಪ್ರಸಾದ ಮುಗಿಸಿ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆ ದಾಟಿ ಧರ್ಮಸ್ಥಳಕ್ಕೆ ಇಳಿಯಿರಿ. ಅಲ್ಲಿ ಎರಡು ರಾತ್ರಿ ಒಂದೇ ರೂಮು. ಮೂರನೇ ದಿನ ಬೆಳಿಗ್ಗೆ ಬೇಗ ಹೊರಟರೆ ಸುಬ್ರಹ್ಮಣ್ಯ ಸುಮಾರು 55 ಕಿಲೋಮೀಟರ್. ದರ್ಶನ, ಊಟ ಮಾಡಿಕೊಂಡು ಬಂದು ಸಂಜೆ ಮಂಜುನಾಥನ ದರ್ಶನ. ಸುಬ್ರಹ್ಮಣ್ಯದಲ್ಲಿ ಸರ್ಪಸಂಸ್ಕಾರ ಮಾಡಿಸುವ ಯೋಚನೆಯಿದ್ದರೆ ಈ ಲೆಕ್ಕ ಕೂಡುವುದಿಲ್ಲ, ಅದಕ್ಕೆ ಎರಡು ದಿನ ಅಲ್ಲೇ ಇರಬೇಕಾಗುತ್ತದೆ, ಬೇರೆ ಸಲಕ್ಕೆ ಇಟ್ಟುಕೊಳ್ಳಿ. ನಾಲ್ಕನೇ ದಿನ ಕಾರ್ಕಳದ ಮೇಲೆ ಉಡುಪಿ. ಐದನೇ ದಿನ ಬೆಳಿಗ್ಗೆ ಕೊಲ್ಲೂರು, ಅಲ್ಲಿ ಊಟ ಮುಗಿಸಿ ಹೊಸನಗರ, ಶಿವಮೊಗ್ಗದ ದಾರಿಯಲ್ಲಿ ಊರಿಗೆ.

ರೂಮಿನ ವಿಷಯಕ್ಕೆ ಬರೋಣ. ನೀವು ಹೇಳಿದ ವಾರ ಈ ದಾರಿಯ ಅತಿ ಗದ್ದಲದ ವಾರಗಳಲ್ಲಿ ಒಂದು. ಕ್ರಿಸ್‌ಮಸ್ ರಜೆ, ಶಾಲಾ ಪ್ರವಾಸದ ಬಸ್ಸುಗಳು, ಶಬರಿಮಲೆಗೆ ಹೋಗಿಬರುವ ಅಯ್ಯಪ್ಪ ಮಾಲಾಧಾರಿಗಳು, ಮೂರೂ ಒಟ್ಟಿಗೆ ಬರುತ್ತವೆ. ಧನುರ್ಮಾಸವಾದ್ದರಿಂದ ಮದುವೆ ದಿಬ್ಬಣಗಳ ಪೈಪೋಟಿ ಇರುವುದಿಲ್ಲ, ಅದೊಂದೇ ಸಮಾಧಾನ. ಶೃಂಗೇರಿ ಮಠದ ವಸತಿಗೃಹಗಳು, ಧರ್ಮಸ್ಥಳದ ಗಂಗಾ, ನೇತ್ರಾವತಿ, ವೈಶಾಲಿ, ರಜತಾದ್ರಿ, ಇವೆಲ್ಲ ಬಾಡಿಗೆಯಲ್ಲಿ ಹಗುರ, ದೇವಸ್ಥಾನಕ್ಕೆ ಹತ್ತಿರ. ಆದರೆ ಕ್ಷೇತ್ರದ ವಸತಿಗೃಹಗಳಲ್ಲಿ ಕೆಲವು ಮುಂಗಡ ಕಾಯ್ದಿರಿಸಲು ಸಿಗುತ್ತವೆ, ಕೆಲವನ್ನು ಬಂದು ಸಾಲಿನಲ್ಲಿ ನಿಂತವರಿಗೇ ಕೊಡುತ್ತಾರೆ. ಮಂಡಿನೋವಿನವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಸಂಜೆ ಹೊತ್ತು ಅದೃಷ್ಟ ಪರೀಕ್ಷೆ ಬೇಡ. ಕ್ಷೇತ್ರದ ರೂಮು ಮುಂಗಡವಾಗಿ ಸಿಗದಿದ್ದರೆ ಉಜಿರೆಯಲ್ಲಿ ಖಾಸಗಿ ಲಾಡ್ಜ್ ಮಾಡಿ. ಧರ್ಮಸ್ಥಳಕ್ಕೆ ಅಲ್ಲಿಂದ ಹತ್ತು ಕಿಲೋಮೀಟರ್ ಒಳಗೇ.

ಇಲ್ಲೊಂದು ಎಚ್ಚರಿಕೆ. ಯಾತ್ರಾಸ್ಥಳಗಳ ವಸತಿಗೃಹದ ಹೆಸರಿನಲ್ಲಿ ನಕಲಿ ಜಾಲತಾಣ ಮಾಡಿ ಮುಂಗಡ ಹಾಕಿಸಿಕೊಳ್ಳುವ ಮೋಸ ದೇಶದ ಎಲ್ಲ ಕಡೆ ನಡೆಯುತ್ತಿದೆ. ಹುಡುಕಿದಾಗ ಮೊದಲು ಕಾಣುವ ಫೋನ್ ನಂಬರಿಗೆ ಹಣ ಹಾಕಬೇಡಿ. ಯುಪಿಐ ಪಿನ್ ಒತ್ತುವ ಮೊದಲು ಪರದೆಯ ಮೇಲೆ ಪಡೆಯುವವರ ಹೆಸರು ಬರುತ್ತದೆ. ಅಲ್ಲಿ ಸಂಸ್ಥೆಯ ಹೆಸರಿಲ್ಲದೆ ಯಾರೋ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಖಾಸಗಿ ಲಾಡ್ಜಿಗೆ ಫೋನ್ ಮಾಡಿದಾಗ ಬಾಡಿಗೆಗಿಂತ ಮೊದಲು ಕೇಳಬೇಕಾದದ್ದು, ಚೆಕ್‌ಔಟ್ 24 ಗಂಟೆಯದೋ, ಹನ್ನೆರಡು ಗಂಟೆಯದೋ ಎಂದು. ಸಂಜೆ ಏಳಕ್ಕೆ ಸೇರುವ ನಿಮಗೆ 24 ಗಂಟೆಯದಾದರೆ ಮರುದಿನ ಸಂಜೆ ಏಳರ ತನಕ ರೂಮು ನಿಮ್ಮದು. ಬೆಳಿಗ್ಗೆ ದರ್ಶನ ಮುಗಿಸಿ ಬಂದು ಅಮ್ಮ ಕಾಲು ಚಾಚಬಹುದು. ಆ್ಯಪ್‌ನಲ್ಲಿ ಮಾಡಿದರೆ ಅದೇ ಲಾಡ್ಜ್ ಬೆಳಿಗ್ಗೆ ಹನ್ನೊಂದಕ್ಕೆ ಖಾಲಿ ಮಾಡಿ ಅನ್ನಬಹುದು. ಇನ್ನೊಂದು, ಹೋಟೆಲಿಗೆ ಬಂದು ಹಣ ಕೊಡುತ್ತೇನೆ ಎಂಬ ಬುಕಿಂಗ್‌ಗಳೇ ರಶ್ಶಿನ ದಿನ ಮೊದಲು ರದ್ದಾಗುವುದು. ಕೌಂಟರಿಗೆ ನೇರ ಬಂದವರು ಹೆಚ್ಚು ಕೊಡುವಾಗ ಮುಂಗಡವಿಲ್ಲದ ರೂಮನ್ನು ಯಾರೂ ಹಿಡಿದಿಡುವುದಿಲ್ಲ. ಹಿಂದಿನ ದಿನ ಫೋನ್ ಮಾಡಿ, ಬುಕಿಂಗ್ ಸಂಖ್ಯೆ ಹೇಳಿ, ನೆಲಮಹಡಿ ಅಥವಾ ಲಿಫ್ಟ್, ಕಮೋಡ್ ಇರುವ ರೂಮು ಎಂದು ಖಚಿತಮಾಡಿಕೊಂಡು, ಅದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಹಾಕಿ. ದೊಡ್ಡವರೆಲ್ಲರ ಗುರುತಿನ ಚೀಟಿ ಕೇಳುತ್ತಾರೆ. ಆಧಾರ್ ಪ್ರತಿ ಕೊಡುವುದಾದರೆ ಮೊದಲ ಎಂಟು ಅಂಕಿ ಮರೆಮಾಡಿದ ಪ್ರತಿ ಕೊಡಿ.

ಹೋದ ಮೇಲೆ ರಿಜಿಸ್ಟರಿಗೆ ಸಹಿ ಹಾಕುವ ಮೊದಲು ರೂಮು ನೋಡಲು ಐದು ನಿಮಿಷ ಕೊಡಿ. ಹಾಸಿಗೆಯ ತಲೆಭಾಗದ ಮೂಲೆಯಲ್ಲಿ ಬೆಡ್‌ಶೀಟ್ ಎತ್ತಿ, ಗಾದಿಯ ಹೊಲಿಗೆಯುದ್ದಕ್ಕೂ ಮೊಬೈಲ್ ಬೆಳಕು ಹಾಯಿಸಿ. ಪೆನ್ನಿನ ತುದಿಯಿಂದ ಚುಚ್ಚಿದಂಥ ಕಪ್ಪು ಚುಕ್ಕೆಗಳು, ಒಣಗಿದ ಸಿಪ್ಪೆಯಂಥವು ಕಂಡರೆ ತಿಗಣೆ ಇದೆ ಎಂದೇ ಅರ್ಥ. ಅಂಥ ರೂಮಿನ ಪಕ್ಕದ ರೂಮೂ ಬೇಡ, ಗೋಡೆಯ ಸಂದಿಯಲ್ಲಿ ಅವು ದಾಟುತ್ತವೆ. ಬ್ಯಾಗುಗಳನ್ನು ಹಾಸಿಗೆ ಮೇಲೆ ಎಸೆಯದೆ ಮೇಜಿನ ಮೇಲಿಡಿ. ಬ್ಯಾಗು ಹತ್ತಿಯೇ ಅವು ಮನೆಗೆ ಬರುವುದು. ಆಮೇಲೆ ಫ್ಲಶ್ ಒಮ್ಮೆ ಎಳೆಯಿರಿ, ಒಳಗಿನ ಬೋಲ್ಟ್ ಹಾಕಿ ನೋಡಿ, ಬಚ್ಚಲಿನ ನೆಲದ ಮೇಲೆ ಕಾಲು ಉಜ್ಜಿ ಜಾರುತ್ತದೆಯೇ ನೋಡಿ. ಈ ಕೊನೆಯದು ನಿಮ್ಮ ಅಮ್ಮನಿಗಾಗಿ, ಬಿಡಬೇಡಿ. ಜಾರುತ್ತಿದ್ದರೆ ಹಳೆ ಟವೆಲ್ ಒಂದನ್ನು ನೆನೆಸಿ ಹಿಂಡಿ ಹಾಸಿ.

ಬಿಸಿನೀರಿನ ಬಗ್ಗೆ ಎಲ್ಲರೂ ಇದೆ ಅನ್ನುತ್ತಾರೆ. ಯಾವುದರಿಂದ ಎಂದು ಕೇಳಿ. ಸೋಲಾರ್ ಆದರೆ ನೀರು ಚೆನ್ನಾಗಿ ಕಾದಿರುವುದು ಸಂಜೆ ನಾಲ್ಕರಿಂದ ಏಳು. ರಾತ್ರಿ ಎಲ್ಲರೂ ಸ್ನಾನ ಮಾಡಿದರೆ ಟ್ಯಾಂಕಿಗೆ ತಣ್ಣೀರು ಸೇರಿ ಬೆಳಿಗ್ಗೆ ಉಗುರುಬೆಚ್ಚಗೂ ಇರುವುದಿಲ್ಲ. ಶೃಂಗೇರಿಯ ಡಿಸೆಂಬರ್ ಬೆಳಗಿಗೆ ಅದು ಸಾಲದು. ಗೀಸರ್ ಆದರೆ ಲೆಕ್ಕ ಸುಲಭ: 2 ಕಿಲೋವ್ಯಾಟಿನ 15 ಲೀಟರ್ ಗೀಸರಿಗೆ ಕಾಯಲು ಕಾಲು ಗಂಟೆ, 25 ಲೀಟರಿನದಕ್ಕೆ ಹತ್ತಿರ ಹತ್ತಿರ ಅರ್ಧ ಗಂಟೆ. 15 ಲೀಟರಿನದು ಒಬ್ಬರ ಸ್ನಾನಕ್ಕೆ ಸರಿ. ರೂಮಿಗೆ ಮೂವರಿದ್ದರೆ ಮುಕ್ಕಾಲು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ, ಬೆಳಿಗ್ಗೆ ಏಳುವ ಹೊತ್ತನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ. ಮಲೆನಾಡಿನಲ್ಲಿ ಕರೆಂಟ್ ಹೋದರೆ ಯುಪಿಎಸ್ ಮೇಲೆ ಲೈಟು, ಫ್ಯಾನು ಓಡುತ್ತವೆ, ಗೀಸರ್ ಓಡುವುದಿಲ್ಲ.

ಬಿಲ್ಲಿನಲ್ಲಿ ನೋಡಬೇಕಾದ್ದು ಸ್ವಲ್ಪವೇ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5. ಹಳೆಯ ಶೇ 12 ಹಾಕಿದ್ದರೆ ಕೇಳಿ. 2000 ರೂಪಾಯಿ ರೂಮಿಗೆ 2100 ಆಗಬೇಕು, 2240 ಅಲ್ಲ. ಈ ದಾರಿಯ ಹೋಟೆಲ್ ಊಟಕ್ಕೂ ಶೇ 5. ಸರ್ವಿಸ್ ಚಾರ್ಜನ್ನು ಕೇಳದೆ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ತೆಗೆಯಿರಿ ಎಂದರೆ ತೆಗೆಯಬೇಕು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಈಗ ಊಟ. ಈ ದಾರಿಯ ದೊಡ್ಡ ಭಾಗ್ಯವೆಂದರೆ ದೇವಸ್ಥಾನದ ಊಟ, ಅದನ್ನು ಬಿಟ್ಟು ಹೋಟೆಲ್ ಹುಡುಕಬೇಡಿ. ಭಕ್ತಿಯ ಮಾತು ಹಾಗಿರಲಿ, ಆರೋಗ್ಯದ ದೃಷ್ಟಿಯಿಂದಲೂ ಅದೇ ಲೇಸು. ಕೊಪ್ಪರಿಗೆಯಲ್ಲಿ ಬೆಂದದ್ದು ಬಿಸಿಯಾಗಿರುವಾಗಲೇ ಪಂಕ್ತಿಗೆ ಹೋಗುತ್ತದೆ, ಸಾವಿರಾರು ಜನ ಉಣ್ಣುವುದರಿಂದ ಹಳತು ಉಳಿಯುವುದಿಲ್ಲ. ಊಟ ಕೆಡುವುದು ಬೆಂದ ಮೇಲೆ ಉಗುರುಬೆಚ್ಚಗಿನ ಹದದಲ್ಲಿ ತಾಸುಗಟ್ಟಲೆ ಕೂತಾಗ. ಶೃಂಗೇರಿಯ ಭಾರತೀತೀರ್ಥ ಪ್ರಸಾದ, ಧರ್ಮಸ್ಥಳದ ಅನ್ನಪೂರ್ಣ, ಹೊರನಾಡಿನ ಭೋಜನಶಾಲೆ, ಎಲ್ಲ ಕಡೆಯೂ ಹನ್ನೆರಡೂವರೆಯಿಂದ ಒಂದೂವರೆಯೊಳಗೆ ಪಂಕ್ತಿಯಲ್ಲಿ ಕೂತಿರುವಂತೆ ನೋಡಿಕೊಳ್ಳಿ. ನೆಲದ ಮೇಲೆ ಕೂರಲಾಗದವರಿಗೆ ಬೆಂಚು ಅಥವಾ ಮೇಜಿನ ವ್ಯವಸ್ಥೆ ಇದೆಯೇ ಎಂದು ಒಳಗೆ ಹೋಗುವಾಗಲೇ ಸ್ವಯಂಸೇವಕರನ್ನು ಕೇಳಿ, ಪಂಕ್ತಿ ಶುರುವಾದ ಮೇಲೆ ಅವರಿಗೆ ಪುರಸೊತ್ತಿರುವುದಿಲ್ಲ. ಒಂದು ಮಾತು ನೆನಪಿಡಿ: ಏಕಾದಶಿಯ ದಿನ ಉಡುಪಿ ಕೃಷ್ಣಮಠದಲ್ಲಿ ಅನ್ನಪ್ರಸಾದ ಇರುವುದಿಲ್ಲ. ವೈಕುಂಠ ಏಕಾದಶಿ ಎಷ್ಟೋ ವರ್ಷ ಈ ದಿನಗಳಲ್ಲೇ ಬರುತ್ತದೆ. ಹೊರಡುವ ಮೊದಲು ಪಂಚಾಂಗ ನೋಡಿ.

ಅಪ್ಪನ ವಿಷಯ ಇದಕ್ಕಿಂತ ಮುಖ್ಯ. ರಜೆಯ ದಿನ ದರ್ಶನದ ಸಾಲು ತಾಸುಗಟ್ಟಲೆ ಎಳೆಯಬಹುದು. ಸಕ್ಕರೆ ಇಳಿಸುವ ಮಾತ್ರೆ ನುಂಗಿ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಡವಾದರೆ ಸಾಲಿನಲ್ಲೇ ಸಕ್ಕರೆ ಇಳಿಯುತ್ತದೆ: ತಣ್ಣನೆ ಬೆವರು, ಕೈನಡುಕ, ಮಾತು ತಡವರಿಸುವುದು. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ. ಮೂರು ಟೀ ಚಮಚ, ಅಂದರೆ ಸುಮಾರು 15 ಗ್ರಾಂ, ನೀರಿಗೆ ಕದಡಿ ಕುಡಿಸಿ, 15 ನಿಮಿಷ ನೋಡಿ, ಸುಧಾರಿಸದಿದ್ದರೆ ಮತ್ತೆ ಅಷ್ಟೇ. ಪ್ರಜ್ಞೆ ಮಂಕಾಗಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಹಿರಿಯರಿಗೆ ಬೇರೆ ಸಾಲು ಇದೆಯೇ ಎಂದು ವಿಚಾರಣೆ ಕೌಂಟರಿನಲ್ಲಿ ಕೇಳಿಕೊಂಡೇ ಸಾಲಿಗೆ ಸೇರಿ. ಮಾತ್ರೆಯ ಹೊತ್ತನ್ನು ಹೇಗೆ ಬದಲಿಸಬೇಕೆಂದು ಹೊರಡುವ ಮೊದಲೇ ಅವರ ವೈದ್ಯರಿಂದ ತಿಳಿದುಕೊಳ್ಳಿ. ಇನ್ನು ದಿನವಿಡೀ ಅನ್ನ, ಪಾಯಸ, ಬೆಲ್ಲ ಹಾಕಿದ ಕರಾವಳಿ ಸಾಂಬಾರು ಆದರೆ ಸಕ್ಕರೆ ಏರುವುದೂ ಅಷ್ಟೇ ಸುಲಭ. ಅದಕ್ಕೆ ನಿಮ್ಮ ಕಡೆಯ ಖಡಕ್ ರೊಟ್ಟಿಗಿಂತ ಒಳ್ಳೆಯ ಉಪಾಯವಿಲ್ಲ. ನೀರಿನಂಶವಿಲ್ಲದ್ದರಿಂದ ಐದು ದಿನವಲ್ಲ, ವಾರಗಟ್ಟಲೆ ಇರುತ್ತದೆ. ನಲವತ್ತು ರೊಟ್ಟಿ, ಅರ್ಧ ಕಿಲೋ ಶೇಂಗಾ ಚಟ್ನಿಪುಡಿ ಸ್ಟೀಲ್ ಡಬ್ಬಿಯಲ್ಲಿ ಬರಲಿ. ದಾರಿಯಲ್ಲಿ ಮೊಸರಿನ ಪ್ಯಾಕೆಟ್ ಕೊಂಡರೆ ರಾತ್ರಿಯ ಊಟ ರೂಮಿನಲ್ಲೇ ಮುಗಿಯುತ್ತದೆ, ಒಂಬತ್ತರ ಅಲೆದಾಟ ತಪ್ಪುತ್ತದೆ.

ಮೊದಲ ದಿನಕ್ಕೆ ಬುತ್ತಿ ಕಟ್ಟುವುದಾದರೆ ಪುಳಿಯೋಗರೆ ಕಟ್ಟಿ. ಹುಣಸೆಹುಳಿ, ಎಣ್ಣೆ ಅದನ್ನು ಕಾಯುತ್ತವೆ. ಹಸಿ ತೆಂಗಿನಕಾಯಿ ಹಾಕಬೇಡಿ, ಕೊಬ್ಬರಿ ಹಾಕಿ. ಅನ್ನವನ್ನು ಹರವಿ ಆರಿಸಿಯೇ ಡಬ್ಬಿಗೆ ತುಂಬಿ. ಬಿಸಿಯಾಗಿ ಮುಚ್ಚಿಟ್ಟ ಅನ್ನ ಮಧ್ಯಾಹ್ನದೊಳಗೆ ಬೆವೆತು ಹಳಸುತ್ತದೆ. ಮೊಸರನ್ನ ಬೇಕಿದ್ದರೆ ಆರಿದ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲು ಹೆಚ್ಚಾಗಿ, ಮೊಸರು ಒಂದೆರಡು ಚಮಚ ಮಾತ್ರ ಹಾಕಿ ಕಲಸಿ. ಉಣ್ಣುವ ಹೊತ್ತಿಗೆ ಹದವಾಗಿ ಹುಳಿಯೇರಿರುತ್ತದೆ.

ದಾರಿಬದಿಯ ಹೋಟೆಲಿನಲ್ಲಿ ಬೆಳಿಗ್ಗೆ ಹತ್ತರೊಳಗೆ ಇಡ್ಲಿ, ಆಮೇಲೆ ಕಾವಲಿಯಿಂದ ನೇರ ಬರುವ ದೋಸೆ. ಹನ್ನೊಂದರ ನಂತರ ತೆಂಗಿನ ಚಟ್ನಿಯನ್ನು ಮುಟ್ಟುವ ಮೊದಲು ಮೂಸಿ ನೋಡಿ. ಬೆಳಗಿನ ಚಟ್ನಿಗೆ ನೀರು ಬೆರೆಸಿ ಓಡಿಸುವ ಕಡೆ ಹೊಟ್ಟೆ ಕೆಡುವುದು ಅದರಿಂದಲೇ. ಸಾಂಬಾರು ಒಲೆಯ ಮೇಲೆ ಕುದಿಯುತ್ತಿದ್ದರೆ ಅದೇ ಸಾಕು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗಬೇಡಿ, ಆದರೆ ಮಕ್ಕಳಿಗೆ ಎರಡೇ ದೋಸೆ, ಮೇಲೆ ಹಾಲು ಬೇಡ. ಅಲ್ಲಿಂದಾಚೆಗೇ ಚಾರ್ಮಾಡಿಯ ತಿರುವುಗಳು. ಅರ್ಧ ಗಂಟೆ ಕೂತು, ಕಿಟಕಿ ತೆರೆದು, ನಿಧಾನ ಇಳಿಯಿರಿ. ವಾಂತಿಯ ಮಾತ್ರೆ ಕೊಡುವುದಾದರೆ ಮಕ್ಕಳ ವೈದ್ಯರು ಹೇಳಿದ ಪ್ರಮಾಣದಲ್ಲಿ, ಘಾಟಿಗೆ ಮುಂಚೆಯೇ. ಹೊಟ್ಟೆ ತೊಳಸಲು ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಕರಾವಳಿಯ ಹೋಟೆಲಿನಲ್ಲಿ ಕೇಳದಿದ್ದರೆ ಕುಚ್ಚಲಕ್ಕಿ ಅನ್ನ ಬರಬಹುದು. ರೂಢಿಯಿಲ್ಲದ ಮಕ್ಕಳು ಅರ್ಧಕ್ಕೇ ಬಿಡುತ್ತಾರೆ. ಬೆಳ್ತಿಗೆ ಅನ್ನ ಎಂದು ಕೇಳಿ. ಉಡುಪಿಯಲ್ಲಿ ಬೆಳಿಗ್ಗೆ ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು ಸಿಕ್ಕರೆ ಅಪ್ಪ, ಅಮ್ಮನಿಗೆ ಕೊಡಿಸಿ, ಎಣ್ಣೆಯಿಲ್ಲ, ಹಗುರ. ಗೋಳಿಬಜೆ, ಬನ್ಸ್ ಸಂಜೆ ನಾಲ್ಕರ ಹೊತ್ತಿಗೆ ಬಿಸಿಯಾಗಿ ಸಿಗುತ್ತವೆ. ರಥಬೀದಿಯ ಮಿತ್ರ ಸಮಾಜ ಇದಕ್ಕೆ ಹೆಸರಾದದ್ದು. ಎರಡೂ ಮೈದಾ, ಎರಡೂ ಕರಿದವು, ಬನ್ಸ್‌ಗೆ ಬಾಳೆಹಣ್ಣು, ಸಕ್ಕರೆ ಬೇರೆ. ಅಪ್ಪನಿಗೆ ಒಂದು ತುಂಡು ಸಾಕು.

ಇಷ್ಟಾದರೂ ಯಾರಿಗಾದರೂ ಭೇದಿ ಶುರುವಾದರೆ ಓಆರ್‌ಎಸ್ ಪ್ಯಾಕೆಟ್ಟಿನಲ್ಲಿ ಬರೆದಷ್ಟು ನೀರಿಗೆ ಪೂರ್ತಿ ಪ್ಯಾಕೆಟ್ ಹಾಕಿ. ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ. ಅದನ್ನು ಒಂದು ಲೋಟಕ್ಕೆ ಸುರಿದು ಕುಡಿಸಿದರೆ ಉಪ್ಪು ಅತಿಯಾಗಿ ಮಗುವಿಗೆ ಇನ್ನೂ ತೊಂದರೆ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಸಿ, 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ. ಭೇದಿಯಲ್ಲಿ ರಕ್ತ, ಜೋರು ಜ್ವರ, ಮೂತ್ರ ಕಡಿಮೆಯಾಗುವುದು, ಇದರಲ್ಲಿ ಯಾವುದು ಕಂಡರೂ ಮುಂದಿನ ದರ್ಶನ ಬಿಟ್ಟು ಆಸ್ಪತ್ರೆಗೆ ಹೋಗಿ. ಉಡುಪಿ, ಮಣಿಪಾಲದಲ್ಲಿ ದೊಡ್ಡ ಆಸ್ಪತ್ರೆಗಳಿವೆ, ಉಜಿರೆಯಲ್ಲೂ ಆಸ್ಪತ್ರೆ ಇದೆ. ಹೊರನಾಡು, ಕಳಸದ ಕಡೆ ಅಷ್ಟು ಸುಲಭವಿಲ್ಲ, ಆದ್ದರಿಂದ ಎರಡನೇ ದಿನ ಬೆಳಿಗ್ಗೆ ಶೃಂಗೇರಿಯಲ್ಲೇ ಯಾರಿಗಾದರೂ ಹೊಟ್ಟೆ ಸರಿಯಿಲ್ಲದಿದ್ದರೆ ತೋರಿಸಿಕೊಂಡೇ ಹೊರಡಿ.