ಕಡಲತೀರದ ಹಳೇ ಚಿತ್ರ ಯಾರ ಯಾರ ಕೈ ದಾಟಿ ಬಂತು?

ಪ್ರಶ್ನೆ: ಕೇಂಬ್ರಿಜ್‌ನ ಮ್ಯೂಸಿಯಂನಲ್ಲಿರುವ ಹಳೇ ಡಚ್ ಕಡಲತೀರದ ಚಿತ್ರವೊಂದರಲ್ಲಿ, ಬಣ್ಣದ ಅಡಿಯಲ್ಲಿ ತಿಮಿಂಗಿಲ ಸಿಕ್ಕಿತು ಅಂತ ಓದಿದೆ. ಚಿತ್ರ ಯಾರ ಬಳಿ ಇತ್ತು ಅನ್ನೋ ದಾಖಲೆ ಮ್ಯೂಸಿಯಂನಲ್ಲಿ ಇರುತ್ತೆ ಅಲ್ವಾ? ಹಾಗಿದ್ದೂ ಗೊತ್ತಾಗಲಿಲ್ಲ ಯಾಕೆ? ನಮ್ಮ ಅಜ್ಜನ ಮನೆಯಲ್ಲೂ ಮೀನುಗಾರರ ಹಳೇ ತೈಲಚಿತ್ರವೊಂದಿದೆ. ಅದರ ಪೂರ್ವಾಪರ ಹುಡುಕೋದು ಹೇಗೆ?
– ಓದುಗರೊಬ್ಬರು, ಕುಂದಾಪುರ

ಉತ್ತರ: ನೀವು ಓದಿದ್ದು ಡಚ್ ಕಲಾವಿದ ಹೆಂಡ್ರಿಕ್ ವಾನ್ ಆಂಥೋನಿಸೆನ್ 1641ರ ಸುಮಾರಿಗೆ ಬರೆದ ಸ್ಕೆವೆನಿಂಗೆನ್ ಕಡಲತೀರದ ಚಿತ್ರದ ಬಗ್ಗೆ. ನೆದರ್ಲೆಂಡ್ಸ್‌ನ ಹೇಗ್ ನಗರದ ಪಕ್ಕದಲ್ಲಿದ್ದ ಮೀನುಗಾರರ ಊರು ಸ್ಕೆವೆನಿಂಗೆನ್. ಚಿತ್ರ ಈಗ ಫಿಟ್ಜ್‌ವಿಲಿಯಂ ಮ್ಯೂಸಿಯಂನಲ್ಲಿದೆ. ರಿಚರ್ಡ್ ಕೆರಿಚ್ ಎಂಬ ಪಾದ್ರಿಯ ಸಂಗ್ರಹದಿಂದ 1873ರಲ್ಲಿ ಅಲ್ಲಿಗೆ ಬಂತು. ಬರುವಾಗಲೇ ಅದರಲ್ಲಿ ತಿಮಿಂಗಿಲ ಇರಲಿಲ್ಲ. ಮರಳು, ಸಮುದ್ರ, ಚಳಿಗಾಲದ ಆಕಾಶ, ಸುಮ್ನೆ ನಿಂತ ಜನ, ಅಷ್ಟೇ.

2014ರ ಸುಮಾರಿಗೆ ಹಳದಿಯಾಗಿದ್ದ ವಾರ್ನಿಷ್ ತೆಗೆಯಲು ಚಿತ್ರ ಶಾನ್ ಕುವಾಂಗ್ ಎಂಬ ಕನ್ಸರ್ವೇಟರ್ (ಹಳೇ ಚಿತ್ರಗಳನ್ನು ಶುಚಿ ಮಾಡಿ ಕಾಪಾಡುವ ಪರಿಣತೆ) ಕೈಗೆ ಹೋಯಿತು. ಶುಚಿ ಮಾಡುತ್ತಾ ಹೋದಂತೆ ಮೊದಲು ಒಬ್ಬ ಮನುಷ್ಯ ಕಾಣಿಸಿಕೊಂಡ. ಅವನ ಕಾಲ ಕೆಳಗೆ ನೆಲವೇ ಇಲ್ಲ, ಗಾಳಿಯಲ್ಲಿ ನಿಂತ ಹಾಗಿದ್ದ. ಪಕ್ಕದಲ್ಲಿ ಹಾಯಿಯಂಥದ್ದೊಂದು ಆಕಾರ. ಮೈಕ್ರೋಸ್ಕೋಪಿನಡಿ ಸ್ಕಾಲ್ಪೆಲ್ ಹಿಡಿದು, ದ್ರಾವಕ ಹಚ್ಚಿ, ಮೇಲಿನ ಬಣ್ಣವನ್ನು ಚೂರುಚೂರೇ ಬಿಡಿಸಿದಾಗ ಗೊತ್ತಾಯಿತು: ಅದು ಹಾಯಿಯಲ್ಲ, ತಿಮಿಂಗಿಲದ ರೆಕ್ಕೆ. ಆ ಮನುಷ್ಯ ನಿಂತಿದ್ದು ದಡಕ್ಕೆ ಬಿದ್ದ ತಿಮಿಂಗಿಲದ ಮೇಲೆ. ಅಷ್ಟೊಂದು ಜನ ಚಳಿಯಲ್ಲಿ ಕಡಲ ಕಡೆ ಯಾಕೆ ನೋಡುತ್ತಿದ್ದರು ಅನ್ನೋದಕ್ಕೆ ಆಗ ಕಾರಣ ಸಿಕ್ಕಿತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಒಡೆತನದ ದಾಖಲೆ ಹೇಳುವುದು ಚಿತ್ರ ಯಾರ ಹತ್ತಿರ ಇತ್ತು ಅಂತ. ಅವರು ಅದಕ್ಕೆ ಏನು ಮಾಡಿದರು ಅಂತ ಅದು ಹೇಳುವುದು ಅಪರೂಪ. ತಿಮಿಂಗಿಲದ ಮೇಲೆ ಬಣ್ಣ ಬಳಿದದ್ದು ಬಹುಶಃ 18ನೇ ಶತಮಾನದಲ್ಲೋ 19ರ ಆರಂಭದಲ್ಲೋ. ಸತ್ತ ಪ್ರಾಣಿಯನ್ನು ಗೋಡೆ ಮೇಲೆ ನೋಡಲು ಮಾಲೀಕರಿಗೆ ಹೇಸಿಗೆ ಆಗಿರಬಹುದು. ತಿಮಿಂಗಿಲ ಕಾಣದಿದ್ದರೆ ಚಿತ್ರ ಬೇಗ ಮಾರಾಟವಾಗುತ್ತೆ ಅಂತ ವ್ಯಾಪಾರಿಗೆ ಅನಿಸಿರಬಹುದು. ನನಗೆ ಇದರಲ್ಲಿ ಹೆಚ್ಚು ಬೇಸರ ತರುವುದು ಬೇರೆ ಸಂಗತಿ. ಹಾಗೆ ಬಳಿದವರು ದಾಖಲೆಯ ಜಾಡನ್ನೂ ಅಳಿಸಿಬಿಟ್ಟರು. ಹಳೇ ಪಟ್ಟಿಯೊಂದರಲ್ಲಿ "ತಿಮಿಂಗಿಲ ಇರುವ ಕಡಲತೀರ" ಅಂತ ಬರೆದಿದ್ದರೂ, ತಿಮಿಂಗಿಲವೇ ಇಲ್ಲದ ಚಿತ್ರಕ್ಕೆ ಅದನ್ನು ಯಾರು ಹೊಂದಿಸಿ ನೋಡುತ್ತಾರೆ?

ಡಚ್ ಕಡಲತೀರದ ಚಿತ್ರಗಳಲ್ಲಿ ಜಾಡು ಹಿಡಿಯೋದು ಮೊದಲೇ ಕಷ್ಟ. ಅದೇ ಊರು, ಅದೇ ಚರ್ಚಿನ ಗೋಪುರ, ಅದೇ ಮೀನು ವ್ಯಾಪಾರವನ್ನು ಬಹಳ ಕಲಾವಿದರು ಮತ್ತೆ ಮತ್ತೆ ಬರೆದಿದ್ದಾರೆ. 17ನೇ ಶತಮಾನದಲ್ಲಿ ಯಾರಾದರೂ ತೀರಿಕೊಂಡಾಗ ಮನೆಯ ಸಾಮಾನು ಪಟ್ಟಿ ಮಾಡುತ್ತಿದ್ದ ನೋಟರಿಗಳು "ಒಂದು ಸಣ್ಣ ಕಡಲತೀರ" ಅಂತಷ್ಟೇ ಬರೆದು ಮುಂದೆ ಹೋಗುವುದು ಮಾಮೂಲು. ಹಾಗಾಗಿ ಸಂಶೋಧಕರು ಅಳತೆ, ಸಹಿ, ಹಲಗೆಯೋ ಕ್ಯಾನ್ವಾಸೋ ಅನ್ನೋದನ್ನು ಹಳೇ ಹರಾಜು ಪಟ್ಟಿಗಳ ಜೊತೆ ತಾಳೆ ನೋಡುತ್ತಾರೆ. ಹೇಗ್‌ನ ಕಲಾ ಇತಿಹಾಸ ಸಂಸ್ಥೆ ಆರ್‌ಕೆಡಿಯ ಚಿತ್ರ ಭಂಡಾರ, ಅಮೆರಿಕದ ಗೆಟ್ಟಿ ಸಂಸ್ಥೆಯ ಪ್ರೊವೆನೆನ್ಸ್ ಇಂಡೆಕ್ಸ್ (ಒಡೆತನದ ಇತಿಹಾಸದ ಸೂಚಿ) ಇದಕ್ಕೇ ಇವೆ. ಎರಡನ್ನೂ ಮನೆಯಲ್ಲೇ ಕೂತು ನೋಡಬಹುದು.

ಮ್ಯೂಸಿಯಂ ಪಟ್ಟಿ ಓದುವಾಗ ಚಿಹ್ನೆಗಳನ್ನೂ ಗಮನಿಸಿ. ಅಮೆರಿಕದ ಅನೇಕ ಮ್ಯೂಸಿಯಂಗಳಲ್ಲಿ ಇಬ್ಬರು ಮಾಲೀಕರ ಹೆಸರಿನ ನಡುವೆ ಅರ್ಧವಿರಾಮ ಇದ್ದರೆ ಚಿತ್ರ ನೇರವಾಗಿ ಕೈ ಬದಲಾಯಿತು ಅಂತ ಅರ್ಥ. ಪೂರ್ಣವಿರಾಮ ಇದ್ದರೆ ನಡುವಿನ ಕಥೆ ತಿಳಿದಿಲ್ಲ ಅಂತ. 1933ರಿಂದ 1945ರ ನಡುವೆ ಇಂಥ ತೆರಪು ಕಂಡರೆ ಪರಿಣತರು ಸುಮ್ಮನಿರುವುದಿಲ್ಲ, ಯಾಕೆಂದರೆ ನಾಜಿಗಳು ಯಹೂದಿಗಳಿಂದ ಚಿತ್ರಗಳನ್ನು ಕಿತ್ತುಕೊಂಡ ಕಾಲ ಅದು. ಆಂಸ್ಟರ್‌ಡ್ಯಾಂನ ಯಹೂದಿ ಚಿತ್ರ ವ್ಯಾಪಾರಿ ಜಾಕ್ ಗೌಡ್‌ಸ್ಟಿಕ್ಕರ್ 1940ರ ಮೇ ತಿಂಗಳಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಹೊರಟವರು ಹಡಗಿನಲ್ಲೇ ಬಿದ್ದು ತೀರಿಕೊಂಡರು. ಅವರ ಜೇಬಿನಲ್ಲಿದ್ದ ಕಪ್ಪು ನೋಟ್‌ಬುಕ್‌ನಲ್ಲಿ ಸಾವಿರಕ್ಕೂ ಹೆಚ್ಚು ಚಿತ್ರಗಳ ಪಟ್ಟಿ ಇತ್ತು. ಮುಖ್ಯವಾಗಿ ಆ ಪಟ್ಟಿಯ ಬಲದಿಂದಲೇ 2006ರಲ್ಲಿ ಡಚ್ ಸರ್ಕಾರ 202 ಚಿತ್ರಗಳನ್ನು ಅವರ ವಾರಸುದಾರರಿಗೆ ಹಿಂತಿರುಗಿಸಲು ಒಪ್ಪಿತು. ಒಂದು ನೋಟ್‌ಬುಕ್ ಉಳಿದದ್ದಕ್ಕೆ ಎಷ್ಟು ಬೆಲೆ ನೋಡಿ.

ನಿಮ್ಮ ಅಜ್ಜನ ಮನೆಯ ಚಿತ್ರಕ್ಕೆ ಬಂದರೆ, ಮೊದಲು ಅದನ್ನು ಮೆತ್ತಗೆ ತಿರುಗಿಸಿ ಬೆನ್ನು ನೋಡಿ. ಅಂಗಡಿಯ ಚೀಟಿ, ಸೀಮೆಸುಣ್ಣದಲ್ಲಿ ಬರೆದ ಅಂಕಿ, ಅರಗಿನ ಮುದ್ರೆ, ಕಟ್ಟು ಹಾಕಿದವರ ವಿಳಾಸ, ಏನೇ ಇರಲಿ, ಹಗಲು ಬೆಳಕಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಅಲ್ಲಿಯ ತನಕ ಕಟ್ಟು ಬದಲಾಯಿಸಬೇಡಿ. ಹಳೇ ಕಟ್ಟಿನ ಜೊತೆ ಸಾಕ್ಷಿಯೂ ಕಸಕ್ಕೆ ಹೋಗುತ್ತೆ. ಒದ್ದೆ ಬಟ್ಟೆ, ಎಣ್ಣೆ, ಸೋಪು ಯಾವುದನ್ನೂ ಮುಟ್ಟಿಸಬೇಡಿ. ಆಮೇಲೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ: ಯಾವಾಗ ಬಂತು, ಯಾರು ತಂದರು, ಹಳೇ ಮದುವೆ ಫೋಟೋದಲ್ಲಿ ಹಿಂದಿನ ಗೋಡೆ ಮೇಲೆ ಅದು ಕಾಣುತ್ತದೆಯೇ? ಅಂಥದೊಂದು ಫೋಟೋ ಸಿಕ್ಕರೆ ತಾರೀಖಿನ ಸಮೇತ ಪುರಾವೆ ಸಿಕ್ಕಂತೆ. ಚಿತ್ರ ನೂರು ವರ್ಷ ದಾಟಿದ್ದರೆ ನಮ್ಮ ದೇಶದ 1972ರ ಪುರಾತನ ವಸ್ತುಗಳು ಮತ್ತು ಕಲಾ ಸಂಪತ್ತಿನ ಕಾಯ್ದೆಯ ಪ್ರಕಾರ ಅದು ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ವಿದೇಶದಲ್ಲಿರುವ ನೆಂಟರಿಗೆ ಉಡುಗೊರೆ ಕೊಡುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ.