ಸೊಳ್ಳೆ ಎಲ್ಲರಿಗೂ ಕಚ್ಚುತ್ತೆ, ಮಗಳಿಗೆ ಮಾತ್ರ ಗುಳ್ಳೆ ಏಕೆ?

ಪ್ರಶ್ನೆ: ಮಗಳಿಗೆ 4 ವರ್ಷ. ಸೊಳ್ಳೆ ಕಚ್ಚಿದರೆ ನಮಗೆಲ್ಲ ಸ್ವಲ್ಪ ಹೊತ್ತು ತುರಿಸಿ ಸುಮ್ಮನಾಗುತ್ತದೆ. ಅವಳಿಗೆ ಮಾತ್ರ ಗಟ್ಟಿ ಗುಳ್ಳೆ ಎದ್ದು ವಾರಗಟ್ಟಲೆ ಉಳಿಯುತ್ತದೆ. ಹೊಸದಾಗಿ ಕಚ್ಚಿದರೆ ಹಳೆಯ ಗುಳ್ಳೆಗಳೂ ಕೆರಳುತ್ತವೆ. ರಕ್ತ ಕೆಟ್ಟಿದೆ ಅನ್ನುತ್ತಾರೆ, ನಿಜವೇ?

ಉತ್ತರ: ರಕ್ತಕ್ಕೆ ಏನೂ ಆಗಿಲ್ಲ. ರಕ್ತಶುದ್ಧಿಗೆ ಅಂತ ಸುಮ್ನೆ ಯಾವ ಔಷಧಿಯನ್ನೂ ಕುಡಿಸಬೇಡಿ. ಹಳೆಯ ಗುಳ್ಳೆಯೂ ಕೆರಳುತ್ತದೆ ಎಂದಿರಲ್ಲ, ಅದೇ ಮುಖ್ಯ ಸುಳಿವು. ಇದು ಪ್ಯಾಪ್ಯುಲರ್ ಅರ್ಟಿಕೇರಿಯಾ, ಅಂದರೆ ಕೀಟ ಕಚ್ಚಿದ್ದಕ್ಕೆ ಚರ್ಮದಲ್ಲಿ ಏಳುವ ಅಲರ್ಜಿ ಗುಳ್ಳೆ ಇರಬಹುದು. 2ರಿಂದ 10 ವರ್ಷದ ಮಕ್ಕಳಲ್ಲಿ ಜಾಸ್ತಿ.

ರಕ್ತ ಹೀರುವಾಗ ಹೆಪ್ಪುಗಟ್ಟದಿರಲಿ ಅಂತ ಸೊಳ್ಳೆ ತನ್ನ ಜೊಲ್ಲನ್ನು ಚರ್ಮದೊಳಗೆ ಬಿಡುತ್ತದೆ. ಅದರಲ್ಲಿರುವ ಪ್ರೋಟೀನ್‌ಗಳು ನಮ್ಮ ದೇಹಕ್ಕೆ ಆಗಿಬರುವುದಿಲ್ಲ. ಚರ್ಮದಲ್ಲಿರುವ ಮಾಸ್ಟ್ ಕಣಗಳೆಂಬ ರಕ್ಷಣಾ ಕಣಗಳು ಹಿಸ್ಟಮಿನ್ ಎಂಬ ತುರಿಕೆ ತರಿಸುವ ರಾಸಾಯನಿಕ ಸುರಿಸುತ್ತವೆ, ಸಣ್ಣ ರಕ್ತನಾಳಗಳಿಂದ ನೀರಿನಂಶ ಒಸರುತ್ತದೆ. ನಿಮಿಷಗಳಲ್ಲೇ ದದ್ದು ಏಳುತ್ತದೆ, ಬೇಗ ಇಳಿದೂ ಹೋಗುತ್ತದೆ. ಎರಡನೆಯ ಪ್ರತಿಕ್ರಿಯೆ ನಿಧಾನದ್ದು. ಬಿಳಿ ರಕ್ತಕಣಗಳು ಅಲ್ಲಿಗೆ ಬಂದು ಸೇರುವಷ್ಟರಲ್ಲಿ ಒಂದು ದಿನವೇ ಆಗುತ್ತದೆ. ಆಮೇಲೆ ಏಳುವ ಗಟ್ಟಿ ಗುಳ್ಳೆ ಸುಲಭಕ್ಕೆ ಹೋಗುವುದಿಲ್ಲ. ನಿಮ್ಮ ಮಗಳಲ್ಲಿ ಜೋರಾಗಿರುವುದು ಇದೇ.

ಹಾಗಾದರೆ ನಿಮಗೇಕಿಲ್ಲ? ವರ್ಷಗಟ್ಟಲೆ ಕಚ್ಚಿಸಿಕೊಂಡು ನಿಮ್ಮ ದೇಹಕ್ಕೆ ಆ ಜೊಲ್ಲು ರೂಢಿಯಾಗಿದೆ. ಬೇರೆ ಊರಿಗೆ ಹೋಗಿ ಬೇರೆ ಜಾತಿಯ ಸೊಳ್ಳೆ ಕಚ್ಚಿದರೆ ದೊಡ್ಡವರಿಗೂ ಗುಳ್ಳೆ ಏಳುವುದುಂಟು! ಹೆಚ್ಚಿನ ಮಕ್ಕಳಿಗೆ ಬೆಳೆಯುತ್ತಾ ಇದು ತಾನಾಗಿಯೇ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಸೊಳ್ಳೆ ಪರದೆ, ತುಂಬು ತೋಳಿನ ಬಟ್ಟೆ ಬಿಡಬೇಡಿ. ನಾಯಿ, ಬೆಕ್ಕು ಇದ್ದರೆ ಚಿಗಟ ಹುಡುಕಿ, ಹಾಸಿಗೆಯಲ್ಲಿ ತಿಗಣೆ ಇದೆಯಾ ನೋಡಿ. ಅವುಗಳಿಂದಲೂ ಹೀಗೇ ಆಗುತ್ತದೆ, ಬೈಸಿಕೊಳ್ಳುವುದು ಮಾತ್ರ ಸೊಳ್ಳೆ.

ತುರಿಕೆಗೆ ತಣ್ಣೀರಿನ ಬಟ್ಟೆ ಒತ್ತಿ. ಉಗುರು ಗಿಡ್ಡವಾಗಿರಲಿ, ಕೆರೆದು ಗಾಯವಾದರೆ ಕೀವು ತುಂಬುತ್ತದೆ. ಅಲರ್ಜಿಗೆ ಕೊಡುವ ಸೆಟಿರಿಜಿನ್ ಸಿರಪ್ ಆಗಲಿ, ಸ್ಟೀರಾಯ್ಡ್ ಮುಲಾಮು ಆಗಲಿ, ಡಾಕ್ಟರ್ ಹೇಳಿದಷ್ಟೇ. ಯಾರಿಗೋ ಬರೆದುಕೊಟ್ಟ ಟ್ಯೂಬ್ ತಂದು ಹಚ್ಚಬೇಡಿ.

ಜೇನುನೊಣ, ಕಣಜದ ವಿಷಯ ಬೇರೆ. ಅವು ಚುಚ್ಚುವುದು ವಿಷ. ಜೇನಿನ ಮುಳ್ಳು ಒಳಗೇ ಉಳಿದಿದ್ದರೆ ಹೇಗಾದರೂ ಸರಿ, ತಕ್ಷಣ ತೆಗೆಯಿರಿ. ಕಚ್ಚಿದ ಜಾಗವಷ್ಟೇ ಊದಿದರೆ ಭಯ ಬೇಡ. ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆಸುತ್ತು ಬಂದರೆ ಮಾತ್ರೆ ಕೊಟ್ಟು ಕಾಯುತ್ತಾ ಕೂರಬೇಡಿ. ಆಗ ಬೇಕಾಗುವುದು ಅಡ್ರಿನಲಿನ್ ಇಂಜೆಕ್ಷನ್. ಆಸ್ಪತ್ರೆಗೆ ಓಡಿ.